ಕೈಗಡ ಹೋದ ಸಾಲಿ

ಚಿತ್ತಾಪುರದ ನಮ್ಮ ಹಳೇ ಸಾಲಿ ಈಗ ಏನಾಗಿದೆ ಎಂದು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಯಾವ ತಿಂಗಳಲ್ಲಿ ಕೇಳುತ್ತಾರೆ ಎನ್ನುವುದನ್ನು ನೋಡಿ ಉತ್ತರ ಕೊಡಬೇಕು. ಮೇ ಕೊನೆಗೆ ಕೇಳಿದರೆ ಪಠ್ಯಪುಸ್ತಕದ ಗೋದಾಮು. ಲಗ್ನದ ಹಂಗಾಮಿನಲ್ಲಿ ಬೀಗರ ಬಿಡಾರ. ಮಳೆಗಾಲದಲ್ಲಿ ಆಡುಗಳದು. ಮುಚ್ಚಿರಿ ಎಂದು ಯಾರೂ ಹೇಳಲಿಲ್ಲ. ಊರು ತನ್ನ ಸಾಲಿಯನ್ನು ಆಗಾಗ ಕೈಗಡ ಒಯ್ಯುತ್ತಿತ್ತು, ಕೆಲಸ ಮುಗಿದ ಮೇಲೆ ತಿರುಗಿ ತಂದಿಡುತ್ತಿತ್ತು. ಒಂದು ಸಲ ತಂದಿಡಲಿಲ್ಲ, ಅಷ್ಟೇ. ಯಾವ ಸಲ ಎಂದು ಕೇಳಿದರೆ ನಮ್ಮ ಓರಗೆಯವರಲ್ಲೇ ನಾಲ್ಕು ಅಭಿಪ್ರಾಯ.

ಕಟ್ಟಡ ನಿಜಾಮರ ಕಾಲದ್ದು. ಗೋಡೆ ಕಲ್ಲು-ಗಾರೆಯದು, ನೆಲ ಫರ್ಸಿ, ಮಾಳಿಗೆಯೂ ಫರ್ಸಿ. ಶಹಾಬಾದದ ಫರ್ಸಿ ಎಂದರೆ ಮುಂಬೈಯ ಅಡುಗೆಕಟ್ಟೆಯಿಂದ ಹಿಡಿದು ರೈಲು ಪ್ಲಾಟ್‌ಫಾರ್ಮುಗಳ ತನಕ ಹೋಗಿ ಕೂತ ಕಲ್ಲು. ನಮಗೆ ಅದರ ದೊಡ್ಡಸ್ತಿಕೆ ಗೊತ್ತಿರಲಿಲ್ಲ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸೀಮೆಯಲ್ಲಿ ಭಾವಿ ತೋಡಿದರೂ ಅದೇ, ಪಾಯ ತೋಡಿದರೂ ಅದೇ. ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹ ಎನ್ನುವ ಈ ಸುಣ್ಣಗಲ್ಲು ಖಣಿಯಲ್ಲಿ ಹಾರೆಯ ತುದಿ ತಾಕಿಸಿ ಮೀಟಿದರೆ ಸಾಕು, ತವೆಯ ಮೇಲಿನ ಪದರ ಚಪಾತಿಯಂತೆ ಮೇಲೇಳುತ್ತದೆ. ಎದ್ದ ಹಾಸನ್ನು ಉಳಿಯಿಂದ ಚೌಕ ಮಾಡಿದರೆ ಮನೆಯ ನೆಲ. ಚೌಕ ಮಾಡದೆ ತೊಲೆಯ ಮೇಲೆ ಹೇರಿ ಮೇಲೆ ಮಣ್ಣು ಬಡಿದರೆ ಮಾಳಿಗೆ. ಸಾಲಿಯ ಗಂಟೆ ಮಾತ್ರ ನಮ್ಮ ಕಲ್ಲಿನದಲ್ಲ, ರೈಲು ಕಂಬಿಯ ತುಂಡು. ಮುಂಬೈ-ಮದ್ರಾಸು ಹಾದಿಗೆ ಸಿಕಂದರಾಬಾದಿನ ಹಾದಿ ಬಂದು ಕೂಡುವ ವಾಡಿ ಜಂಕ್ಷನ್ ಪಕ್ಕದಲ್ಲೇ ಇದ್ದಾಗ ಹಿತ್ತಾಳೆ ಗಂಟೆಗೆ ಯಾರು ದುಡ್ಡು ಹಾಕುತ್ತಾರೆ?

ನಮಗೆ ಬೆಂಚು ಇರಲಿಲ್ಲ, ಫರ್ಸಿ ಇತ್ತು. ಒಬ್ಬನಿಗೆ ಒಂದು. ನನ್ನದು ಕಿಟಕಿಯ ಕೆಳಗಿನದು, ನಸುಗೆಂಪು ಛಾಯೆಯದು, ಒಂದು ಮೂಲೆ ಒಡೆದಿತ್ತು. ಆ ಒಡಕಿನಲ್ಲಿ ಪಾಟಿಕಡ್ಡಿ ಸಿಕ್ಕಿಸಿ ಮನೆಗೆ ಹೋದರೆ ಮರುದಿನವೂ ಅಲ್ಲೇ ಇರುತ್ತಿತ್ತು. ಪಾಟಿ ಮರೆತ ದಿನ ಫರ್ಸಿಯೇ ಪಾಟಿ. ಬಾಯಿಲೆಕ್ಕಕ್ಕೆ ಬೆರಳು ಸಾಲದಾದಾಗ ಫರ್ಸಿಗಳನ್ನೇ ಎಣಿಸುತ್ತಿದ್ದೆವು. ಎಪ್ರಿಲ್ ಬಂತೆಂದರೆ ಮುಂಜಾನಿ ಸಾಲಿ. ನಮ್ಮ ಕಡೆ ಬಿಸಿಲಿಗೆ ಸರಕಾರವೂ ಹೆದರುತ್ತದೆ. ಕಲಬುರಗಿ ವಿಭಾಗದ ಕಚೇರಿಗಳು ಎಪ್ರಿಲ್, ಮೇ ಎರಡು ತಿಂಗಳು ಮುಂಜಾನೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಸಾಲಿ ಬಿಟ್ಟ ಮೇಲೂ ನಾವು ಮನೆಗೆ ಹೋಗುತ್ತಿರಲಿಲ್ಲ. ಮನೆಯ ತಗಡಿನ ಕೆಳಗಿಗಿಂತ ಸಾಲಿಯ ಫರ್ಸಿ ತಂಪು. ಅಂಗಿ ಬಿಚ್ಚಿ ಅಂಗಾತ ಮಲಗಿದರೆ ಬೆನ್ನಿಗೆ ಹತ್ತುತ್ತಿದ್ದ ಆ ತಂಪನ್ನು ಈಗಿನ ಏರ್ ಕೂಲರಿನಲ್ಲಿ ನಾನು ಹುಡುಕುವುದನ್ನು ಬಿಟ್ಟಿದ್ದೇನೆ.

ಹಳೆಯದನ್ನು ನೆನೆಯುವಾಗ ಎಲ್ಲವೂ ಸಿಹಿಯಾಗಿಬಿಡುತ್ತದೆ, ಅದಕ್ಕೇ ಇದನ್ನೂ ಹೇಳಬೇಕು. ಯಾರು ಯಾವ ಫರ್ಸಿಯ ಮೇಲೆ ಕೂರಬೇಕೆಂದು ಮಾಸ್ತರರು ಎಂದೂ ಹೇಳಿದವರಲ್ಲ. ಹೇಳುವ ಜರೂರು ಇರಲಿಲ್ಲ. ಗಾಳಿ ಬರುವ ಕಿಟಕಿಯ ಬದಿ ಬಜಾರಿನ, ಗೌಡಕಿಯ ಮನೆಗಳ ಹುಡುಗರು. ಚಪ್ಪಲಿ ಬಿಡುವ ಬಾಗಿಲ ಬದಿ ಕೇರಿಯವರು, ತಾಂಡಾದವರು. ಪಕ್ಕದ ತಾಂಡಾದಿಂದ ನಡೆದು ಬರುತ್ತಿದ್ದ ನನ್ನ ಗೆಳೆಯನೊಬ್ಬ ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಚುರುಕು. ಏಳು ವರ್ಷ ಬಾಗಿಲ ಬದಿಯಲ್ಲೇ ಕೂತು ಲೆಕ್ಕ ಬಿಡಿಸಿದ. ನನ್ನ ಫರ್ಸಿಯ ಒಡಕಿನಲ್ಲಿದ್ದ ಪಾಟಿಕಡ್ಡಿ ಒಂದೊಂದು ದಿನ ಕಾಣೆಯಾಗಿ, ಮರುದಿನ ಗಿಡ್ಡವಾಗಿ ವಾಪಸಾಗುತ್ತಿದ್ದುದು ಅವನ ಕೈಯಿಂದ. ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಈ ಕಟ್ಟಡದ ಮೇಲೆ ನನಗಿಂತ ನನ್ನ ಅಜ್ಜನ ಹಕ್ಕು ಹೆಚ್ಚು. ಅಕ್ಷರ ತಿದ್ದಿದ್ದು ಐಗಳ ಸಾಲಿಯಲ್ಲಿ, ಮರಳಿನ ಮೇಲೆ. ಆಮೇಲೆ ಇಲ್ಲಿಗೆ ಬಂದ. ಆಗ ಕೆಳಗಿನ ತರಗತಿಗಳಿಗೆ ತಹತಾನಿಯಾ, ಅದರ ಮೇಲೆ ವಸ್ತಾನಿಯಾ, ಇನ್ನೂ ಮೇಲೆ ಫೌಖಾನಿಯಾ ಎನ್ನುತ್ತಿದ್ದರು. ಕಲಬುರಗಿಯಲ್ಲಿ 1907ರಷ್ಟು ಹಿಂದೆಯೇ ನೂತನ ವಿದ್ಯಾಲಯ ಶುರುವಾಗಿತ್ತಾದರೂ ತಾಲೂಕಿನ ಊರಿಗೆ ಸರಕಾರಿ ಸಾಲಿಯೇ ಗತಿ, ಸರಕಾರಿ ಸಾಲಿ ಮೇಲೇರಿದಂತೆ ಉರ್ದುವೇ ಗತಿ. ಅಜ್ಜ ಕೊನೆಯ ತನಕ ಮಗ್ಗಿ ಹೇಳಿದ್ದು ಉರ್ದುವಿನಲ್ಲಿ, ವಚನ ಹೇಳಿದ್ದು ಕನ್ನಡದಲ್ಲಿ, ಬೈಯುತ್ತಿದ್ದುದು ಎರಡರಲ್ಲೂ. ರಜಾಕಾರರ ಗದ್ದಲದಲ್ಲಿ ಅವನ ಮನೆಯವರು ಸೊಲ್ಲಾಪುರದ ಕಡೆಯ ನೆಂಟರಲ್ಲಿಗೆ ಹೋಗಿ ಕೂತರು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ಕಾಲಿಟ್ಟಿತು, 17ಕ್ಕೆ ನಿಜಾಮರು ಶರಣಾದರು. ಎಂಟು ವರ್ಷ ಕಳೆದು, 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯದವರಾದೆವು. ಅಜ್ಜ ಹೇಳುತ್ತಿದ್ದ: "ರಾಜ್ಯ ಮೂರು ಬದಲಾದ್ವು, ಹಲಗಿ ಮ್ಯಾಲಿನ ಲಿಪಿ ಬದಲಾತು. ಹಲಗಿ ಅದೇ, ಛಡಿನೂ ಅದೇ."

ವರ್ಷಕ್ಕೊಮ್ಮೆ ಮಾಸ್ತರರು ನಮ್ಮನ್ನು ಸಾಲುಗಟ್ಟಿಸಿ ನಾಗವಿಗೆ ನಡೆಸಿಕೊಂಡು ಹೋಗುತ್ತಿದ್ದರು. ಊರಿನ ಬಗಲಲ್ಲೇ ಇದೆ. ಜನ ಹೋಗುವುದು ನಾಗವಿ ಎಲ್ಲಮ್ಮನಿಗೆ. ಮಾಸ್ತರರು ಒಯ್ಯುತ್ತಿದ್ದುದು ಅರವತ್ತು ಕಂಬದ ಗುಡಿಗೆ. ಕಲ್ಯಾಣ ಚಾಲುಕ್ಯರ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದಲ್ಲಿ ಇಲ್ಲಿ ಘಟಿಕಾಸ್ಥಾನ ಇತ್ತು. ಈಗಿನ ಮಾತಿನಲ್ಲಿ ಊಟ, ವಸತಿ ಸಮೇತದ ದೊಡ್ಡ ವಿದ್ಯಾಲಯ. ಕ್ರಿ.ಶ. 1058ರ ಶಾಸನ ಅದರ ಲೆಕ್ಕವನ್ನೆಲ್ಲ ಕೊಡುತ್ತದೆ. ಕಟ್ಟಿಸಿದವನು ಮಧುಸೂದನನೆಂಬ ದಂಡನಾಯಕ. ವೇದ ಓದುವವರು 200, ಶಾಸ್ತ್ರ ಓದುವವರು 52. ವೇದಕ್ಕೆ ಮೂವರು ಉಪಾಧ್ಯಾಯರು. ನ್ಯಾಸಕ್ಕೆ, ಭಾಟ್ಟ ದರ್ಶನಕ್ಕೆ, ಪ್ರಾಭಾಕರಕ್ಕೆ ಒಬ್ಬೊಬ್ಬರು. ಇಷ್ಟು ಹೇಳಿ ಮಾಸ್ತರರು ನಿಲ್ಲುತ್ತಿದ್ದರು. ಆಮೇಲಿನದನ್ನು ಹೇಳುವಾಗ ಅವರ ದನಿ ಏರುತ್ತಿತ್ತು: "ಸರಸ್ವತೀ ಭಂಡಾರಿಗರು ಆರು ಮಂದಿ! ಪುಸ್ತಕ ಕಾಯ್ಲಿಕ್ಕೇ ಆರು ಮಂದಿ! ಪಾಠ ಹೇಳೋರು ಆರು, ಪುಸ್ತಕ ಕಾಯೋರೂ ಆರು!"

ನಮಗೆ ಅದರ ಬೆರಗು ಹತ್ತುತ್ತಿರಲಿಲ್ಲ. ಕಂಬಗಳ ಸಂದಿಯಲ್ಲಿ ಮುಟ್ಟಾಟ, ಬುತ್ತಿಯ ಖಾರಬ್ಯಾಳಿ, ಸಜ್ಜಿ ರೊಟ್ಟಿ. ಅರವತ್ತು ಕಂಬವನ್ನು ಸರಿಯಾಗಿ ಎಣಿಸಿದವನಿಗೆ ಪೆಪ್ಪರಮಿಂಟು ಎಂದು ಮಾಸ್ತರರು ಪಂಥ ಕಟ್ಟುತ್ತಿದ್ದರು; ಎಲ್ಲರ ಲೆಕ್ಕವೂ ಬೇರೆ ಬೇರೆ, ತಾಂಡಾದವನದು ಮಾತ್ರ ಸರಿ. ಬೆರಗು ಹತ್ತಿದ್ದು ಬಹಳ ತಡವಾಗಿ. ಹೈದರಾಬಾದಿನ ಪುರಾತತ್ವ ಇಲಾಖೆ ನಾಗವಿಯ ಶಾಸನಗಳಿಗೆಂದೇ 1928ರಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿತ್ತೆಂದು ತಿಳಿದಾಗ, ನಮ್ಮ ಮಾಸ್ತರರ ಆ ಏರುದನಿ ಎಲ್ಲಿಂದ ಬಂದಿತ್ತೆಂದು ಗೊತ್ತಾಯಿತು. ಸೇಡಂ ತಾಲೂಕಿನ ಮಳಖೇಡಕ್ಕೆ ಅಮೋಘವರ್ಷನ ಹೆಸರಿದೆ, ಉತ್ಸವ ಇದೆ, ಭಾಷಣಗಳಿವೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅರಮನೆ ಬಿದ್ದದ್ದಕ್ಕೆ ಮರುಗುವ ಜನ ಸಾಲಿ ಬಿದ್ದದ್ದಕ್ಕೆ ಮರುಗುವುದನ್ನು ನಾನು ಕಂಡದ್ದು ಕಡಿಮೆ. ನಾಗವಿಯಲ್ಲಿ ಅದೆಷ್ಟು ತಲೆಮಾರು ಓದಿತೋ. ಆಮೇಲೆ ಅದು ಹಾಳಾಯಿತು, ದನ ಕಾಯುವವರಿಗೆ ನೆರಳಾಯಿತು, ಕಲ್ಲು ಬೇಕಾದವರಿಗೆ ಕಲ್ಲಾಯಿತು. ಹಳೆಯ ದಾನಶಾಸನಗಳ ಕೊನೆಗೆ ಸಾಮಾನ್ಯವಾಗಿ ಒಂದು ಶಾಪ ಇರುತ್ತದೆ: ಕೊಟ್ಟದ್ದನ್ನು ಕಸಿದವನು ಅರವತ್ತು ಸಾವಿರ ವರ್ಷ ಹೇಲಿನಲ್ಲಿ ಹುಳುವಾಗಿ ಹುಟ್ಟಲಿ ಎಂದು. ಕಸಿದವನಿಗೆ ಶಾಪ ಬರೆದಿಟ್ಟರು. ಕೈಗಡ ಒಯ್ದು ಮರೆಯುವವರು ಇರುತ್ತಾರೆಂದು ಅವರಿಗೆ ಹೊಳೆಯಲಿಲ್ಲ.

ನಮ್ಮ ಸಾಲಿಗೂ ಒಂದು ಸರಸ್ವತೀ ಭಂಡಾರ ಇತ್ತು. ಕೊನೆಯ ಖೋಲಿಯ ಒಂದು ಗೋಡೆ ಕಪಾಟು, ಅದಕ್ಕೊಂದು ಬೀಗ, ಬೀಗದ ಕೈ ಹೆಡ್‌ಮಾಸ್ತರರ ಜನಿವಾರದಲ್ಲಿ. ಶನಿವಾರ ತೆಗೆದು ಒಂದೊಂದು ಪುಸ್ತಕ ಕೊಡುತ್ತಿದ್ದರು; ಸೋಮವಾರ ಹಾಳೆ ಎಣಿಸಿ ವಾಪಸ್ ತೆಗೆದುಕೊಳ್ಳುತ್ತಿದ್ದರು. ಮೊದಲು ಕೈಗಡ ಹೋದದ್ದು ಈ ಖೋಲಿಯೇ. ಅಮೆರಿಕದ ಕೇರ್ ಸಂಸ್ಥೆಯ ಹಾಲಿನ ಪುಡಿ, ಉಪ್ಪಿಟ್ಟಿನ ರವೆ ಬಂದಾಗ ಇಲಿ ಹೊಗದ ಖೋಲಿ ಊರಲ್ಲಿ ಇದೊಂದೇ ಎಂದು ಅಲ್ಲಿ ಇಟ್ಟರು. ಆ ಯೋಜನೆ ಹೋಯಿತು, ಪುಸ್ತಕ ತಿರುಗಿ ಬಂದವು. 2002ರಲ್ಲಿ ಸರಕಾರ ಬಿಸಿಯೂಟವನ್ನು ಮೊದಲು ನಮ್ಮ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭಿಸಿದಾಗ ಅಕ್ಕಿ, ತೊಗರಿಬೇಳೆ ಇಡಲು ಮತ್ತೆ ಅದೇ ಖೋಲಿ. ಪುಸ್ತಕಗಳನ್ನು ಗೋಣಿಯಲ್ಲಿ ತುಂಬಿ ಮಾಳಿಗೆಯ ಮೆಟ್ಟಿಲ ಕೆಳಗೆ ಇಟ್ಟರಂತೆ. ಈ ಸಲ ಅವು ತಿರುಗಿ ಬರಲಿಲ್ಲ. ಇದಕ್ಕೆ ಸಿಟ್ಟಾಗಲು ನನ್ನಿಂದ ಆಗದು. ಹಸಿದ ಹುಡುಗನ ಮುಂದೆ ಬಟ್ಟಲು ಇಟ್ಟ ಖೋಲಿಯನ್ನು ಪುಸ್ತಕದ ಹೆಸರಿನಲ್ಲಿ ಬೈದರೆ ಆ ತಾಂಡಾದ ಗೆಳೆಯನಿಗೆ ಏನು ಹೇಳಲಿ? ಆದರೂ ಆ ಗೋಣಿಗಳು ಎಲ್ಲಿ ಹೋದವೆಂದು ಕೇಳುವ ಒಬ್ಬನಾದರೂ ಭಂಡಾರಿಗ ಬೇಕಿತ್ತು.

ಉಳಿದ ಕೈಗಡಗಳ ಪಟ್ಟಿ ಉದ್ದ ಇದೆ. ಮತದಾನ, ಜನಗಣತಿ, ಕಣ್ಣಿನ ಶಿಬಿರ, ದನದ ದವಾಖಾನೆಯವರ ಲಸಿಕೆ, ಪೋಲಿಯೊ ಹನಿ. ನಮ್ಮ ಅಕ್ಕನ ಲಗ್ನದಲ್ಲಿ ಸೇಡಂನಿಂದ ಬಂದ ಬೀಗರು ಇಳಿದದ್ದೂ ನಾಲ್ಕನೇತ್ತಾ ಖೋಲಿಯಲ್ಲಿ. ಮರುದಿನ ಪಾಠಕ್ಕೆ ಹೋದರೆ ಹಲಗೆಯ ಮೇಲೆ ಯಾರೋ ಇಸ್ಪೀಟಿನ ಲೆಕ್ಕ ಬರೆದಿದ್ದರು. ಹೆಡ್‌ಮಾಸ್ತರರು ಅದನ್ನು ಅಳಿಸುವ ಮೊದಲು ಕೂಡಿಸಿ ನೋಡಿ, "ಕೂಡೋದ್ರಾಗ ತಪ್ಪ್ಯಾರ ನಿಮ್ಮ ಬೀಗರು" ಅಂದರು. ಚಿಂಚೋಳಿಯ ಕಡೆ ಒಂದು ತಾಂಡಾದಲ್ಲಿ ಮಾಸ್ತರಿಕೆ ಮಾಡಿದ ನನ್ನ ಚಿಕ್ಕಪ್ಪನದು ಇನ್ನೊಂದು ಕತೆ: ರೈಲು ಇಲ್ಲದ ಊರು, ಸುತ್ತ ಕಾಡು, ಹಬ್ಬ ಮುಗಿದರೆ ತಾಯಿತಂದೆ ಮುಂಬೈ, ಪುಣೆಗೆ ದುಡಿಯಲು ಹೊರಡುವರು, ಮಕ್ಕಳೂ ಹಿಂದೆ. ಹಾಜರಿ ಅರ್ಧ ಇಳಿದ ಖೋಲಿಯಲ್ಲಿ ಊರಲ್ಲಿ ಉಳಿದ ಮುದುಕರು ಬಂದು ಕೂತು ಪಾಠ ಕೇಳುತ್ತಿದ್ದರಂತೆ, ಹೊತ್ತು ಹೋಗಬೇಕಲ್ಲ.

ಅದೇ ಮುಂಬೈ 2020ರ ಮೇ ತಿಂಗಳಲ್ಲಿ ತಿರುಗಿ ಬಂತು. ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯದೆಂದು ಗೊತ್ತಾದಾಗಲೇ ಜಿಲ್ಲೆ ನಡುಗಿತ್ತು. ಮಹಾರಾಷ್ಟ್ರದಿಂದ ಗಂಟುಮೂಟೆ ಕಟ್ಟಿಕೊಂಡು ಬಂದವರನ್ನು ಮನೆಗೆ ಬಿಡದೆ ತಾಲೂಕು ತಾಲೂಕಿನ ಸಾಲಿಗಳಲ್ಲಿ, ಹಾಸ್ಟೆಲುಗಳಲ್ಲಿ ಇರಿಸಿದರು. ಆ ಹೊತ್ತಿಗೆ ನಮ್ಮ ಸಾಲಿಯಲ್ಲಿ ಪಾಠ ಇರಲಿಲ್ಲ. ಮಕ್ಕಳು ಕಡಿಮೆಯೆಂದು ಅದನ್ನು ದೊಡ್ಡ ಸಾಲಿಯೊಳಗೆ ವಿಲೀನ ಮಾಡಿ ಆಗಿತ್ತು. ಆದರೂ ಬೀಗ ತೆಗೆಸಿ, ಕಸ ಗುಡಿಸಿ, ಸುಣ್ಣದ ಪುಡಿ ಹಾಕಿ ಜನರನ್ನು ತುಂಬಿದರು. ಅವರಲ್ಲಿ ನನ್ನ ತಾಂಡಾದ ಗೆಳೆಯನೂ ಇದ್ದ. ಮುಂಬೈಯಲ್ಲಿ ಕಟ್ಟಡದ ಕೆಲಸ, ಮೇಸ್ತ್ರಿಯಾಗಿದ್ದ, ಲೆಕ್ಕ ಬಲ್ಲವನಲ್ಲವೇ. ಕಂಪೌಂಡಿನ ಹೊರಗೆ ನಿಂತು ನಾನು ಕೂಗಿದೆ. ಬಾಯಿಗೆ ಟವೆಲ್ ಕಟ್ಟಿಕೊಂಡು ಕಟ್ಟೆಗೆ ಬಂದ.

"ನೋಡ್ ಪಾ, ಮುದುಕ ಆದ ಮ್ಯಾಲ ಮತ್ತ ಸಾಲಿಗಿ ಹಾಕ್ಯಾರ ನನಗ. ಹದಿನಾಕ್ ದಿನದ ಕ್ಲಾಸ್ ಅಂತ."

"ಯಾವ ಖೋಲಿ?"

"ಮೂರನೇತ್ತಾ. ಊಟ ಜರಾ ಛಲೋ ಅದ. ಮಾಸ್ತರ ಒಬ್ರು ಮುಂಜಾನಿ ಸಂಜಿ ಹಾಜರಿ ಹಾಕ್ಲತ್ತಾರ. ಹಾಜರ್ ಸರ್ ಅಂತೀನಿ."

"ಮಲಗೋದು ಎಲ್ಲಿ?"

ಅವನು ಜರಾ ತಡೆದು, "ಕಿಡಕಿ ಬಾಜೂಕ," ಅಂದ. "ಮೂಲಿ ಒಡೆದ ಫರ್ಸಿ ಮ್ಯಾಲ. ಗಾಳಿ ಭಾಳ ಛಲೋ ಬರ್ತದಪಾ ಅಲ್ಲಿ. ನೀ ಒಮ್ಮೆನೂ ಹೇಳಿದ್ದಿಲ್ಲ."

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ತಂದಿದ್ದ ಬಾಳೆಹಣ್ಣು, ಬಿಸ್ಕೀಟಿನ ಚೀಲವನ್ನು ಹೋಮ್‌ಗಾರ್ಡ್ ಕೈಗೆ ಕೊಟ್ಟೆ. ಅವಧಿ ಮುಗಿಸಿ ಅವನು ತಾಂಡಾಕ್ಕೆ ಹೋದ. ಮಳೆ ಬಿದ್ದು ತೊಗರಿ ಬಿತ್ತಿದ. ದೀಪಾವಳಿ ಕಳೆದು ಮತ್ತೆ ಮುಂಬೈ.

ಮಕ್ಕಳು ಯಾಕೆ ಕಡಿಮೆಯಾದರು ಎನ್ನುವುದಕ್ಕೆ ಒಂದೇ ಕಾರಣ ಕೊಡುವವರನ್ನು ನಾನು ನಂಬುವುದಿಲ್ಲ. ಆದರೆ ಒಂದು ಕಾರಣ ನಮ್ಮ ಕಾಲ ಕೆಳಗಿನ ಕಲ್ಲಿನದೇ. ಹಾಸಾಗಿ ಏಳುತ್ತಿದ್ದ ಈ ಸುಣ್ಣಗಲ್ಲನ್ನು ಪುಡಿ ಮಾಡಿ ಸುಟ್ಟರೆ ಸಿಮೆಂಟು ಆಗುತ್ತದೆಂದು ಕಂಪನಿಗಳಿಗೆ ಬಹಳ ಹಿಂದೆಯೇ ಗೊತ್ತಿತ್ತು. 1936ರಲ್ಲಿ ಕೂಡಿ ಎ.ಸಿ.ಸಿ. ಆದ ಕಂಪನಿಗಳಲ್ಲಿ ಶಹಾಬಾದದ ಸಿಮೆಂಟ್ ಕಂಪನಿಯೂ ಒಂದು. 1968ಕ್ಕೆ ವಾಡಿಯಲ್ಲಿ ದೊಡ್ಡ ಕಾರ್ಖಾನೆ, ಎಂಬತ್ತರ ದಶಕದಲ್ಲಿ ಸೇಡಂನ ವಾಸವದತ್ತಾ, ಮಳಖೇಡದ ರಾಜಶ್ರೀ. ಕಾರ್ಖಾನೆಯ ಜೊತೆಗೆ ಕಾಲನಿ, ಕಾಲನಿಯ ಜೊತೆಗೆ ಇಂಗ್ಲಿಷ್ ಮಾಧ್ಯಮ. ಮೊದಲು ಕಂಪನಿಯವರ ಮಕ್ಕಳು, ಆಮೇಲೆ ಗುತ್ತಿಗೆದಾರರ ಮಕ್ಕಳು, ಕೊನೆಗೆ ನಮ್ಮ ಬಜಾರಿನ ಮಕ್ಕಳು. ಹಳದಿ ಬಸ್ಸು ನಮ್ಮ ಸಾಲಿಯ ಮುಂದೆಯೇ ನಿಂತು ಮಕ್ಕಳನ್ನು ಹತ್ತಿಸಿಕೊಳ್ಳುತ್ತಿತ್ತು, ಯಾಕೆಂದರೆ ಬೀದಿಯಲ್ಲಿ ನೆರಳು ಇದ್ದದ್ದು ಅಲ್ಲೊಂದೇ. ನನ್ನ ಮಗನೂ ಆ ಬಸ್ಸಿನಲ್ಲೇ ಹೋದ. ಅವನನ್ನು ನಮ್ಮ ಸಾಲಿಗೆ ಹಾಕಬಹುದಿತ್ತೆಂದು ಈಗ ಬರೆಯುವುದು ಸುಲಭ. ಆಗ ಮನೆಯಲ್ಲಿ ಆ ಮಾತನ್ನೂ ಯಾರೂ ಎತ್ತಲಿಲ್ಲ.

ಹಿಂದಿನ ಎರಡು ಖೋಲಿಗಳನ್ನು ಶಿಥಿಲ ಎಂದು ಬರೆದು ಲಿಲಾವು ಹಾಕಿದರು. ಮಾಳಿಗೆಯ ತೊಲೆ ಒಬ್ಬರಿಗೆ, ಬಾಗಿಲು ಒಬ್ಬರಿಗೆ, ಫರ್ಸಿ ಇನ್ನೊಬ್ಬರಿಗೆ. ತಲೆಮಾರುಗಟ್ಟಲೆ ಮಕ್ಕಳ ಚಡ್ಡಿ ಒರೆಸಿ ಒರೆಸಿ ನುಣುಪಾದ ಫರ್ಸಿಗೆ ಹೊಸದಕ್ಕಿಂತ ಹೆಚ್ಚು ಕಿಮ್ಮತ್ತು ಬಂತಂತೆ. ಪಾಲಿಶ್ ಖರ್ಚು ಉಳಿಯಿತಲ್ಲ ಎಂದು ಕೊಂಡವನು ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಇಷ್ಟಾದರೂ ಸಾಲಿಯ ಒಂದು ಭಾಗ ಇನ್ನೂ ದಿನಾ ಕೆಲಸ ಮಾಡುತ್ತದೆ. ವಿಲೀನದ ದಿನ ಕೈಗಾಡಿಯಲ್ಲಿ ಹೇರಿ ದೊಡ್ಡ ಸಾಲಿಗೆ ಒಯ್ದ ದಾಖಲಾತಿ ರಜಿಸ್ಟರುಗಳು. 371 ಜೆ ಮೀಸಲಾತಿ ಬಂದ ಮೇಲೆ ಇಲ್ಲಿ ಓದಿದ್ದಕ್ಕೆ ಕಾಗದ ಬೇಕೆಂದು ಬೆಂಗಳೂರಿನಿಂದಲೂ ಜನ ಬರುತ್ತಾರೆ. ಜಾತಿ ಪ್ರಮಾಣಪತ್ರಕ್ಕೆ ಅಜ್ಜನ ಸಾಲಿಯ ದಾಖಲೆ ತಾ ಎಂದು ಕಚೇರಿಗಳು ಕೇಳುತ್ತವೆ. ಮೊನ್ನೆ ನಾನು ಅಲ್ಲಿ ಹೋಗಿದ್ದಾಗ ಸೇಡಂನಿಂದ ಬಂದ ಒಬ್ಬ ಹುಡುಗಿ ಕೂತಿದ್ದಳು. ಅವಳ ಅಜ್ಜನ ಹೆಸರು ಸಿಕ್ಕಿತ್ತು, ಆದರೆ ಉರ್ದುವಿನಲ್ಲಿ. ಗುಮಾಸ್ತ ಉರ್ದು ಸಾಲಿಯ ನಿವೃತ್ತ ಮಾಸ್ತರರೊಬ್ಬರನ್ನು ಕರೆಸಿದ್ದ. ಇಂಥದಕ್ಕೆಲ್ಲ ಈಗ ಅವರೇ ಆಧಾರ. ಚಹಾ ಬಿಟ್ಟು ಏನೂ ಮುಟ್ಟುವುದಿಲ್ಲ. ಕನ್ನಡಕ ಏರಿಸಿ ಓದಿದರು: ಹೆಸರು, ತಂದೆಯ ಹೆಸರು, ಖೌಮ್ ಎಂಬ ಕಾಲಮ್ಮಿನಲ್ಲಿ ಅವಳಿಗೆ ಬೇಕಾದ ಜಾತಿ, ಹುಟ್ಟಿದ್ದು ಖುರ್ದಾದ್, 1348 ಫಸಲಿ.

"590 ಕೂಡಿಸಬೇಕಲ್ರಿ? 1938," ಗುಮಾಸ್ತ ಬರೆಯಹೊರಟ.

"ಖುರ್ದಾದ್ ಅಂದ್ರ ಎಪ್ರಿಲ್ ಬರ್ತದ. ಜನವರಿ ದಾಟಿದ್ರ 591 ಕೂಡಿಸ್ರಿ. 1939."

"ತಾರೀಖ?"

"ತಾರೀಖ ಬರ್ದಿಲ್ಲ."

"ತಾರೀಖ ಇಲ್ದ ಕಂಪ್ಯೂಟರ್ ಮುಂದ ಹೋಗಲ್ರಿ ಸಾಬ್. ಎಪ್ರಿಲ್ ಒಂದ್ ಹಾಕಲೇನು?"

"ಎಪ್ರಿಲ್ ಒಂದ್ ಬ್ಯಾಡ್ರಿ, ನಗ್ತಾರ," ಅಂದಳು ಹುಡುಗಿ. "ನಮ್ ಅಪ್ಪಂದೂ ಮಾಸ್ತರ ಬರೆಸಿದ್ದು ಜೂನ್ ಒಂದ್ ಅದ, ನಮ್ ಕಾಕಾಂದೂ ಜೂನ್ ಒಂದ್."

ನನ್ನದೂ ಜೂನ್ ಒಂದೇ. ಕೈಯನ್ನು ತಲೆಯ ಮೇಲಿಂದ ಹಾಕಿ ಆಚೆ ಕಿವಿ ಮುಟ್ಟಿದ್ದಕ್ಕೆ ನನಗೆ ಆರು ವರ್ಷ ತುಂಬಿದೆಯೆಂದು ಹೆಡ್‌ಮಾಸ್ತರರು ಬರೆದದ್ದು ಇದೇ ಕಪಾಟಿನಲ್ಲಿ ಎಲ್ಲೋ ಇದೆ. ತಾರೀಖಿನ ತಕರಾರು ಅವರವರಲ್ಲೇ ನಡೆಯಿತು. ಮಾಸ್ತರರು ಅಷ್ಟರಲ್ಲಿ ಒಂದೊಂದೇ ಹಾಳೆ ತಿರುವತೊಡಗಿದ್ದರು.

"ಇನ್ನೇನ್ ಹುಡಕ್ಲತ್ತೀರಿ ಸಾಬ್?"

"ನಮ್ ಅಬ್ಬಾನೂ ಇಲ್ಲೇ ಓದ್ಯಾರ. 1350ರ ಆಜೂಬಾಜು."

"ಸೋಮವಾರ ಬರ್ರಿ. ನಾಳಿ ನಾಡದ ಯಾವ್ದೋ ಪರೀಕ್ಷಾ ಸೆಂಟರ್ ಅದ, ಆಫೀಸ್ ಖೋಲಿ ಅವರಿಗಿ ಕೊಡಬೇಕು. ಕಪಾಟ ಸರಸ್ಬೇಕು ಈಗ."

"ಈ ವರ್ಷದ್ದೊಂದ್ ಮುಗಿಸ್ತೀನಿ," ಎಂದು ಅವರು ಬೆರಳಿಗೆ ಉಗುಳು ಹಚ್ಚಿಕೊಂಡರು.